ಮೊಬೈಲ್ ಆ್ಯಪಿಗೊಂದು ಬೀಜಸಂಸ್ಕಾರ

ಮೂಡಿಗೆರೆ, ಕಳಸ, ಬಾಳೆಹೊನ್ನೂರುಗಳ ಸುತ್ತಣ ಕಾಫಿ ತೋಟಗಳಲ್ಲಿ ಮಳೆಯನ್ನು ಅಳೆದು ಬರೆದಿಡುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಪ್ರತಿದಿನ ಬೆಳಗ್ಗೆ ಮಳೆಮಾಪಕದಲ್ಲಿ ನಿಂತ ನೀರನ್ನು ಅಳತೆಯ ಗಾಜಿಗೆ ಸುರಿದು, ಇಷ್ಟು ಇಂಚು ಇಷ್ಟು ಸೆಂಟು ಎಂದು ಪುಸ್ತಕದಲ್ಲಿ ದಾಖಲಿಸುತ್ತಾರೆ. ಒಂದು ಇಂಚಿಗೆ ನೂರು ಸೆಂಟು. ಮೆಟ್ರಿಕ್ ಮಾನದಲ್ಲಿ ಹೇಳುವುದಾದರೆ ಒಂದು ಸೆಂಟು 0.254 ಮಿಲಿಮೀಟರಿಗೆ ಸಮ. ಈ ಲೆಕ್ಕ ಕುತೂಹಲಕ್ಕಾಗಿ ಇಟ್ಟುದಲ್ಲ. ಬೇಸಗೆಯಲ್ಲಿ ಹೂಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ಕಾಫಿ ಗಿಡ ಹೂ ಬಿಡುತ್ತದೆ. ಅನಂತರ ಸಕಾಲದಲ್ಲಿ ಮತ್ತೊಂದು ಮಳೆ—ಬೆಳೆಗಾರರು ಬ್ಯಾಕಿಂಗ್ ಮಳೆ ಎಂದು ಕರೆಯುವುದು—ಬಾರದಿದ್ದರೆ ಕಾಯಿ ಕಟ್ಟುವುದು ಕುಂದುತ್ತದೆ. ಸ್ಪ್ರಿಂಕ್ಲರ್ ಹಚ್ಚುವುದೇ, ಇನ್ನೂ ನಾಲ್ಕು ದಿನ ಕಾಯುವುದೇ ಎಂಬ ತೀರ್ಮಾನಕ್ಕೆ ಹಿಂದಿನ ವರ್ಷಗಳ ಮಳೆಲೆಕ್ಕವೇ ಆಧಾರ.

ಇಂತಹ ಪುಸ್ತಕ ಈಗ ಕಾಗದದಿಂದ ಮೊಬೈಲಿಗೆ ಬಂದಿದೆ ಎಂದು ಭಾವಿಸೋಣ. ನಮ್ಮ ವಿವರಣೆಯ ಅನುಕೂಲಕ್ಕಾಗಿ ಆ ಕಾಲ್ಪನಿಕ ಆ್ಯಪಿಗೆ ‘ಮಳೆಪುಸ್ತಕ’ ಎಂದು ಹೆಸರಿಡೋಣ. ಮಲೆನಾಡಿನ ತರುಣನೊಬ್ಬ ಇದನ್ನು ಆರೇಳು ವರ್ಷಗಳ ಹಿಂದೆ ರಚಿಸಿದ. ಅಂತರ್ಜಾಲ ಸಿಕ್ಕದ ಕಣಿವೆಯಲ್ಲಿಯೂ ಅದು ಕೆಲಸಮಾಡುತ್ತದೆ. ದಾಖಲೆಗಳೆಲ್ಲ ಫೋನಿನೊಳಗೇ ಇರುತ್ತವೆ. ಮುಂದೆ ಆ ತರುಣ ಬೇರೆ ಕೆಲಸಕ್ಕೆ ಹೋದ. ಇನ್ನೊಬ್ಬಾಕೆ ಅದರ ಪೋಷಣೆಯನ್ನು ವಹಿಸಿಕೊಂಡಳು. ಈಗ ಮೂರನೆಯವರ ಸರದಿ. ಅಷ್ಟರಲ್ಲಿ ಆ್ಯಪುಗಳನ್ನು ಹಂಚುವ ಗೂಗಲ್ ಪ್ಲೇ ಸಂಸ್ಥೆ ತನ್ನ ನಿಯಮವನ್ನು ಬಿಗಿಮಾಡಿತು. 2025ರ ಆಗಸ್ಟ್ 31ರಿಂದ ಅಲ್ಲಿಗೆ ಸಲ್ಲಿಸುವ ಹೊಸ ಆ್ಯಪುಗಳೂ ಹಳೆಯ ಆ್ಯಪುಗಳ ಹೊಸ ಆವೃತ್ತಿಗಳೂ ಆಂಡ್ರಾಯ್ಡ್ 15ನ್ನು ಗುರಿಯಾಗಿಟ್ಟುಕೊಂಡು ಸಿದ್ಧವಾಗಿರಬೇಕು. ತೀರ ಹಿಂದುಳಿದ ಆ್ಯಪುಗಳು ಹೊಸ ಫೋನು ಕೊಂಡ ಹೊಸಬರ ಕಣ್ಣಿಗೆ ಬೀಳುವುದೇ ಇಲ್ಲ.

ಮೂರನೆಯ ಪೋಷಕರು ಆ್ಯಪನ್ನು ಮತ್ತೆ ಕಟ್ಟಲು ಹೊರಡುತ್ತಾರೆ. ಕೆಲಸ ಅರ್ಧದಲ್ಲಿ ನಿಲ್ಲುತ್ತದೆ. ಮಳೆಯನ್ನು ಕೂಡುವ ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲ. ತೊಡಕಿರುವುದು ಆ್ಯಪನ್ನು ‘ಕಟ್ಟುವ’ ಕಡತಗಳಲ್ಲಿ. ಈ ಕಡತಗಳನ್ನು ಕೈಯಿಂದ ಬರೆದು ತಿದ್ದುವುದನ್ನು ಬಿಟ್ಟು, ಯಂತ್ರದಿಂದಲೇ ಹೊಸದಾಗಿ ಹುಟ್ಟಿಸಿಕೊಳ್ಳುವ ಪದ್ಧತಿಯೊಂದು ಇತ್ತೀಚಿನ ವರ್ಷಗಳಲ್ಲಿ ಬಳಕೆಗೆ ಬಂದಿದೆ. ಅದೇನು, ನಡೆಯುತ್ತಿರುವ ಹಳೆಯ ಆ್ಯಪೊಂದನ್ನು ಅದಕ್ಕೆ ಒಗ್ಗಿಸುವುದು ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ಕಟ್ಟುವುದು ಎಂದರೇನು?

ಮನುಷ್ಯನು ಬರೆದ ಕ್ರಮವಿಧಿಯನ್ನು ಫೋನು ನೇರವಾಗಿ ಓದಲಾರದು. ಬರೆದುದನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ಇಳಿಸಬೇಕು. ಚಿತ್ರಗಳನ್ನೂ ಅಕ್ಷರಶೈಲಿಗಳನ್ನೂ ಅದರೊಡನೆ ಸೇರಿಸಬೇಕು. ಇತರರು ಬರೆದಿಟ್ಟ ಸಿದ್ಧ ಭಾಗಗಳನ್ನು ತರಿಸಿ ಜೋಡಿಸಬೇಕು. ಕೊನೆಗೆ ಎಲ್ಲವನ್ನೂ ಒಂದು ಪೊಟ್ಟಣವಾಗಿ ಕಟ್ಟಿ ಅದಕ್ಕೆ ಮುದ್ರೆಯೊತ್ತಬೇಕು. ಈ ಸಮಸ್ತ ವ್ಯಾಪಾರಕ್ಕೆ ‘ಬಿಲ್ಡ್’ ಎಂದು ಹೆಸರು. ಯಾವ ಭಾಗದ ಯಾವ ಆವೃತ್ತಿ ಬೇಕು, ಆ್ಯಪಿನ ಹೆಸರೇನು, ಅದು ಕ್ಯಾಮರಾ ಮುಟ್ಟಬಹುದೇ, ಯಾವ ಕೀಲಿಯಿಂದ ಮುದ್ರೆಯೊತ್ತಬೇಕು ಎಂಬ ಸೂಚನೆಗಳನ್ನು ಹೇಳುವ ಕಡತಗಳೇ ಬಿಲ್ಡ್ ಕಡತಗಳು.

ಆಂಡ್ರಾಯ್ಡಿನಲ್ಲಿ ಈ ಸೂಚನೆಗಳನ್ನು ಗ್ರೇಡಲ್ ಎಂಬ ಸಾಧನ ಓದುತ್ತದೆ. ಆ್ಯಪಿನ ಪರಿಚಯವನ್ನೂ ಅನುಮತಿಗಳನ್ನೂ ಹೇಳುವ ಮ್ಯಾನಿಫೆಸ್ಟ್ ಎಂಬ ಕಡತ ಬೇರೆ ಇದೆ. ಐಫೋನಿಗಾಗಿ ಎಕ್ಸ್‌ಕೋಡ್ ಎಂಬ ಸಾಧನ ತನ್ನದೇ ಆದ ಕಡತಗಳನ್ನು ಇಟ್ಟುಕೊಳ್ಳುತ್ತದೆ. ಎಕ್ಸ್‌ಕೋಡಿನ ಮುಖ್ಯ ಕಡತವನ್ನು ತೆರೆದು ನೋಡಿದರೆ ಪ್ರತಿಯೊಂದು ವಸ್ತುವಿಗೂ 24 ಚಿಹ್ನೆಗಳ ಗುರುತುಸಂಖ್ಯೆಯೊಂದು ಕಾಣುತ್ತದೆ. ಮನುಷ್ಯನು ಓದಿ ಅರ್ಥಮಾಡಿಕೊಳ್ಳಲೆಂದು ರಚಿಸಿದ ಬರಹವಲ್ಲ ಅದು.

ಎರಡು ಬಗೆಯ ಫೋನುಗಳಿಗೂ ಒಂದೇ ಕ್ರಮವಿಧಿ ಸಾಕಾಗುವಂತೆ ಮಾಡುವ ಉಪಾಯಗಳು ಹಲವು ಇವೆ. 2015ರಲ್ಲಿ ಫೇಸ್‌ಬುಕ್ ಸಂಸ್ಥೆ ಹೊರತಂದ ರಿಯಾಕ್ಟ್ ನೇಟಿವ್ ಅವುಗಳಲ್ಲಿ ಪ್ರಸಿದ್ಧವಾದುದು. ಮಳೆಪುಸ್ತಕವೂ ಇದರಲ್ಲಿಯೇ ರಚಿತವಾದುದೆಂದು ಇಟ್ಟುಕೊಳ್ಳೋಣ. ಹೊಸ ಆ್ಯಪನ್ನು ಆರಂಭಿಸಿದೊಡನೆ ಅದು ಒಂದು ಅಚ್ಚಿನಿಂದ ಎರಡು ಫೋಲ್ಡರುಗಳನ್ನು ತೆಗೆದುಕೊಡುತ್ತದೆ: ಒಂದು ಆಂಡ್ರಾಯ್ಡಿನದು, ಇನ್ನೊಂದು ಐಫೋನಿನದು. ಆ ಕ್ಷಣದಿಂದ ಅವು ನಮ್ಮ ಸ್ವತ್ತು. ಅವುಗಳ ಯೋಗಕ್ಷೇಮವೂ ನಮ್ಮದೇ.

ಕೈತಿದ್ದುಪಡಿಯ ತೊಡಕು

ಮೊದಲ ವರ್ಷ ತರುಣನು ಮ್ಯಾನಿಫೆಸ್ಟ್ ಕಡತದಲ್ಲಿ ಒಂದು ಸಾಲನ್ನು ಸೇರಿಸಿದ. ಕನ್ನಡದಲ್ಲಿ ನಡೆಯುವ ಫೋನಿನ ಮೇಲೆ ಆ್ಯಪಿನ ಹೆಸರೂ ಕನ್ನಡದಲ್ಲಿಯೇ ಕಾಣಲೆಂದು ಆಂಡ್ರಾಯ್ಡ್ ಫೋಲ್ಡರಿನ ಒಳಗೆ ಕನ್ನಡದ ಪದಗಳ ಪುಟ್ಟ ಕಡತವೊಂದನ್ನು ಇಟ್ಟ. ಎರಡನೆಯವಳು ಗ್ರೇಡಲ್ ಕಡತದಲ್ಲಿ ಯಾವುದೋ ಭಾಗದ ಆವೃತ್ತಿಯನ್ನು ಬಲವಂತವಾಗಿ ಹಳೆಯದಕ್ಕೆ ನಿಲ್ಲಿಸಿದಳು. ಅವಳಿಗೆ ಆ ದಿನ ಅದರ ಕಾರಣ ಚೆನ್ನಾಗಿ ತಿಳಿದಿತ್ತು. ಕಡತದಲ್ಲಿ ಉಳಿದುದು ತಿದ್ದುಪಡಿ ಮಾತ್ರ. ಕಾರಣ ಅವಳೊಡನೆ ಹೊರಟುಹೋಯಿತು.

ಇಂತಹ ಒಂದು ಸಾಲಿನ ಕಥೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಉಪಯುಕ್ತ. 2018ರಲ್ಲಿ ಬಂದ ಆಂಡ್ರಾಯ್ಡ್ 9ನ್ನು ಗುರಿಯಾಗಿಟ್ಟುಕೊಂಡ ಆ್ಯಪುಗಳಲ್ಲಿ ಗೂಢಲಿಪಿಯಿಲ್ಲದ ಜಾಲಸಂಪರ್ಕಕ್ಕೆ ಸಾಮಾನ್ಯವಾಗಿ ತಡೆಯುಂಟು. ಇದು ಒಳ್ಳೆಯ ನಿಯಮವೇ ಸರಿ. ಆದರೆ ತೋಟದ ಬಂಗಲೆಯ ಅಂಗಳದಲ್ಲಿ ನಿಂತ ಸ್ವಯಂಚಾಲಿತ ಮಳೆಮಾಪಕ ಒಳಜಾಲದ ಮೂಲಕ ಸಾದಾ ರೂಪದಲ್ಲಿಯೇ ಅಂಕಿಗಳನ್ನು ಕಳುಹಿಸುತ್ತದೆ ಎನ್ನೋಣ. ಆಗ ಆ್ಯಪು ಅದರೊಡನೆ ಮಾತಾಡಬೇಕಾದರೆ ಮ್ಯಾನಿಫೆಸ್ಟಿನಲ್ಲಿ ವಿನಾಯಿತಿಯ ಸಾಲೊಂದು ಬೇಕು. ಕಾರಣ ತಿಳಿಯದವನು ಅದನ್ನು ನೋಡಿ, ‘ಇದು ಭದ್ರತೆಗೆ ವಿರುದ್ಧ’ ಎಂದು ಅಳಿಸಿಬಿಡಬಹುದು. ಆ್ಯಪು ಕಟ್ಟುತ್ತದೆ, ತೆರೆಯುತ್ತದೆ, ಕೈಯಿಂದ ಬರೆದ ಅಂಕಿಯನ್ನು ಸ್ವೀಕರಿಸುತ್ತದೆ. ಮಾಪಕದ ಅಂಕಿ ಮಾತ್ರ ಬರುವುದಿಲ್ಲ. ಮಳೆಯೇ ಇಲ್ಲದ ತಿಂಗಳಿನಲ್ಲಿ ಈ ದೋಷ ಯಾರ ಗಮನಕ್ಕೂ ಬಾರದೆ ಹೋಗುವುದು ಸಹಜ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ರಿಯಾಕ್ಟ್ ನೇಟಿವಿನ ಅಚ್ಚು ಕಾಲಕಾಲಕ್ಕೆ ಬದಲಾಗುತ್ತದೆ. 2023ರ ಡಿಸೆಂಬರಿನಲ್ಲಿ ಬಂದ 0.73ನೆಯ ಆವೃತ್ತಿಯಲ್ಲಿ ಆಂಡ್ರಾಯ್ಡಿನ ಮುಖ್ಯ ಕಡತಗಳೇ ಜಾವಾ ಭಾಷೆಯಿಂದ ಕೋಟ್ಲಿನ್ ಭಾಷೆಗೆ ಸಾಗಿದುವು. ಹೊಸದಾಗಿ ಆರಂಭಿಸುವವರಿಗೆ ಇದರಿಂದ ಕಷ್ಟವಿಲ್ಲ. ಐದು ವರ್ಷದ ಹಿಂದಿನ ಅಚ್ಚನ್ನು ಕೈಯಿಂದ ತಿದ್ದುತ್ತ ಬಂದವರು ಮಾತ್ರ, ಹಳೆಯ ಅಚ್ಚಿಗೂ ಹೊಸ ಅಚ್ಚಿಗೂ ಇರುವ ವ್ಯತ್ಯಾಸವನ್ನು ಸಾಲುಸಾಲಾಗಿ ನೋಡಿ, ತಮ್ಮ ತಿದ್ದುಪಡಿ ಯಾವುದು ಅಚ್ಚಿನ ಬದಲಾವಣೆ ಯಾವುದು ಎಂದು ಬೇರ್ಪಡಿಸಬೇಕಾಗುತ್ತದೆ. ಬರೆದುದೂ ಅಚ್ಚಿನಿಂದ ಬಂದುದೂ ಒಂದೇ ಕಡತದಲ್ಲಿ ಬೆರೆತುಹೋಗಿರುವುದೇ ಈ ಕಷ್ಟದ ಬೇರು.

ಪಂಚಾಂಗದ ಪಾಠ

ಇದೇ ಬಗೆಯ ಕಷ್ಟವನ್ನು ನಮ್ಮ ಹಿಂದಿನ ಜ್ಯೋತಿರ್ಗಣಿತಜ್ಞರು ಬೇರೊಂದು ರಂಗದಲ್ಲಿ ಎದುರಿಸಿದ್ದರು. ಪಂಚಾಂಗವನ್ನು ಬರೆಯುವವನು ಹೋದ ವರ್ಷದ ಪಂಚಾಂಗವನ್ನು ತೆಗೆದು ತಿಥಿಗಳನ್ನು ಅಳಿಸಿ ತಿದ್ದುವುದಿಲ್ಲ. ಅವನಲ್ಲಿ ಸಿದ್ಧಾಂತವೊಂದಿದೆ, ಗ್ರಹಗಳ ಮಧ್ಯಮಗತಿಯೇ ಮೊದಲಾದ ಕೆಲವು ಮೂಲಾಂಕಗಳಿವೆ. ಇವೆರಡರಿಂದ ಪ್ರತಿವರ್ಷದ ಪಂಚಾಂಗವನ್ನೂ ಅವನು ಮೊದಲಿನಿಂದ ಗಣಿಸಿ ತೆಗೆಯುತ್ತಾನೆ. ಮುದ್ರಿತ ಪಂಚಾಂಗ ಕಳೆದುಹೋದರೂ ನಷ್ಟವಿಲ್ಲ, ಮತ್ತೆ ಗಣಿಸಬಹುದು. ಸಿದ್ಧಾಂತವೂ ಮೂಲಾಂಕಗಳೂ ಕಳೆದುಹೋದರೆ ಮಾತ್ರ ಸರ್ವನಾಶ.

ಶತಮಾನಗಳು ಉರುಳಿದಂತೆ ಗಣಿಸಿದ ಗ್ರಹಸ್ಥಾನಕ್ಕೂ ಆಕಾಶದಲ್ಲಿ ಕಂಡ ಸ್ಥಾನಕ್ಕೂ ಅಂತರ ಬೀಳತೊಡಗಿತು. ಆಗ ಅವರು ಪಂಚಾಂಗದ ಸಾಲುಗಳನ್ನು ತಿದ್ದಲಿಲ್ಲ. ಮೂಲಾಂಕಗಳಿಗೇ ಸಣ್ಣ ತಿದ್ದುಪಡಿಯನ್ನು ಕೊಟ್ಟರು. ಇದಕ್ಕೆ ‘ಬೀಜಸಂಸ್ಕಾರ’ವೆಂದು ಹೆಸರು. ಕೇರಳದ ಪರಮೇಶ್ವರನು ಗ್ರಹಣಗಳನ್ನು ದೀರ್ಘಕಾಲ ವೀಕ್ಷಿಸಿ, ಕಂಡುದಕ್ಕೆ ಹೊಂದುವಂತೆ ಗಣಿತವನ್ನು ಪರಿಷ್ಕರಿಸಿ, 1431ರಲ್ಲಿ ದೃಗ್ಗಣಿತವೆಂಬ ಗ್ರಂಥವನ್ನು ರಚಿಸಿದನು. ಬೀಜದಲ್ಲಿ ಒಮ್ಮೆ ತಿದ್ದಿದರೆ ಮುಂದಿನ ಪಂಚಾಂಗಗಳೆಲ್ಲ ತಾವಾಗಿಯೇ ತಿದ್ದಿಕೊಂಡು ಹುಟ್ಟುತ್ತವೆ. ಫಲದಲ್ಲಿ ತಿದ್ದಿದರೆ ಪ್ರತಿವರ್ಷವೂ ತಿದ್ದುತ್ತಲೇ ಇರಬೇಕು.

ಹುಟ್ಟಿಸಿದ ಬಿಲ್ಡ್ ಕಡತಗಳ ಪದ್ಧತಿಯ ತಿರುಳೂ ಇದೇ. ಅಚ್ಚು ಸಿದ್ಧಾಂತವಿದ್ದಂತೆ. ಆ್ಯಪಿನ ಹೆಸರು, ಗುರುತು, ಚಿತ್ರ, ಅನುಮತಿಗಳನ್ನು ಹೇಳುವ ಪುಟ್ಟ ವಿವರಣಪತ್ರ ಮೂಲಾಂಕಗಳಿದ್ದಂತೆ. ಅಚ್ಚಿನಲ್ಲಿ ಇಲ್ಲದ, ನಮ್ಮ ಆ್ಯಪಿಗೆ ಮಾತ್ರ ಬೇಕಾದ ಬದಲಾವಣೆಗಳನ್ನು ಸಣ್ಣ ಕ್ರಮವಿಧಿಗಳಾಗಿ ಬರೆದಿಡುತ್ತೇವೆ. ಇವಕ್ಕೆ ಪ್ಲಗಿನ್ನುಗಳೆಂದು ಹೆಸರು. ಬೀಜಸಂಸ್ಕಾರದ ಸ್ಥಾನ ಇವುಗಳದು. ಈ ಮೂರನ್ನೂ ಜನಕ ಕ್ರಮವಿಧಿಯೊಂದಕ್ಕೆ ಒಪ್ಪಿಸಿದರೆ ಅದು ಆಂಡ್ರಾಯ್ಡ್, ಐಫೋನುಗಳ ಫೋಲ್ಡರುಗಳೆರಡನ್ನೂ ಹೊಸದಾಗಿ ರಚಿಸಿಕೊಡುತ್ತದೆ. ಅವು ಆ ವರ್ಷದ ಪಂಚಾಂಗವಿದ್ದಂತೆ. ಕೆಲಸ ಮುಗಿದ ಮೇಲೆ ಅಳಿಸಿದರೂ ಸರಿಯೇ.

ವಿಚಾರದ ಬೆಳವಣಿಗೆ

ಈ ವಿಚಾರ ಒಂದೇ ದಿನದಲ್ಲಿ ಹುಟ್ಟಿದುದಲ್ಲ. 1976ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಸ್ಟುಅರ್ಟ್ ಫೆಲ್ಡ್‌ಮನ್ ಎಂಬುವರು ‘ಮೇಕ್’ ಎಂಬ ಸಾಧನವನ್ನು ರಚಿಸಿದರು. ಯಾವ ಕಡತ ಯಾವುದನ್ನು ಅವಲಂಬಿಸಿದೆ ಎಂದು ಬರೆದುಕೊಟ್ಟರೆ, ಬದಲಾದ ಭಾಗಕ್ಕೆ ಸಂಬಂಧಿಸಿದ್ದನ್ನು ಮಾತ್ರ ಅದು ಮತ್ತೆ ಕಟ್ಟುತ್ತಿತ್ತು. 2000ದಲ್ಲಿ ಬಂದ ‘ಸಿಮೇಕ್’ ಮುಂದಿನ ಹೆಜ್ಜೆಯಿಟ್ಟು, ಮೇಕ್ ಓದುವಂತಹ ಕಡತಗಳನ್ನೇ ಒಂದು ವಿವರಣೆಯಿಂದ ಹುಟ್ಟಿಸಿಕೊಡತೊಡಗಿತು. ಮೊಬೈಲಿನ ಕಾಲದಲ್ಲಿ, 2011ರಲ್ಲಿ ಅಪಾಚೆ ಪ್ರತಿಷ್ಠಾನಕ್ಕೆ ಬಂದು ಸೇರಿದ ಕಾರ್ಡೋವಾ ಎಂಬ ಸಾಧನ ಇದೇ ಮಾರ್ಗವನ್ನು ಹಿಡಿಯಿತು. ಅದರಲ್ಲಿ ಆ್ಯಪಿನ ವಿವರವೆಲ್ಲ ಒಂದು ಕಡತದಲ್ಲಿರುತ್ತದೆ. ಫೋನಿಗೆ ಬೇಕಾದ ಫೋಲ್ಡರು ಅದರಿಂದ ಹುಟ್ಟುತ್ತದೆ.

ಕಾರ್ಡೋವಾದ ಉದಾಹರಣೆ ನಮ್ಮ ಮನೆಬಾಗಿಲಲ್ಲಿಯೇ ಇದೆ. ಕರ್ನಾಟಕದ ಶಾಲಾ ಪಠ್ಯಪುಸ್ತಕಗಳಲ್ಲಿ ಕಪ್ಪುಬಿಳುಪಿನ ಚೌಕವೊಂದು ಅಚ್ಚಾಗಿರುವುದನ್ನು ಪೋಷಕರು ನೋಡಿರಬಹುದು. ಅದನ್ನು ಫೋನಿನಲ್ಲಿ ಹಿಡಿದರೆ ಪಾಠ ತೆರೆಯುವುದು ‘ದೀಕ್ಷಾ’ ಎಂಬ ಆ್ಯಪಿನಲ್ಲಿ. 2017ರ ಸೆಪ್ಟೆಂಬರ್ 5ರಂದು ಉದ್ಘಾಟನೆಗೊಂಡ ದೀಕ್ಷಾ, ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನ ಬೆಳೆಸಿದ ‘ಸನ್‌ಬರ್ಡ್’ ಎಂಬ ಮುಕ್ತ ತಂತ್ರಾಂಶದ ಮೇಲೆ ನಿಂತಿದೆ. ಸನ್‌ಬರ್ಡಿನ ಮೊಬೈಲ್ ಆ್ಯಪು ಕಾರ್ಡೋವಾ ಪದ್ಧತಿಯಲ್ಲಿ ಬೆಳೆದುದು. ಮೂಡಿಗೆರೆಯ ಶಾಲೆಯ ಹುಡುಗಿಯೊಬ್ಬಳು ಪಾಠ ತೆರೆಯುವಾಗ, ವಿವರಣೆಯಿಂದ ಬಿಲ್ಡ್ ಕಡತಗಳನ್ನು ಹುಟ್ಟಿಸುವ ಈ ವಿಚಾರದ ಫಲವನ್ನು ತನಗರಿಯದೆಯೇ ಬಳಸುತ್ತಿರುತ್ತಾಳೆ.

ರಿಯಾಕ್ಟ್ ನೇಟಿವ್ ಬಳಸುವವರಿಗೆ ಇಂತಹುದೇ ಸೌಲಭ್ಯವನ್ನು ಒದಗಿಸಿದುದು ‘ಎಕ್ಸ್‌ಪೋ’ ಎಂಬ ಸಾಧನ. 2021ರಲ್ಲಿ ಅದರ 41ನೆಯ ಆವೃತ್ತಿಯೊಡನೆ ಮೇಲೆ ಹೇಳಿದ ಪ್ಲಗಿನ್ನುಗಳು ಬಂದುವು. ಅದರ ಜನಕ ಕ್ರಮವಿಧಿಗೆ ‘ಪ್ರೀಬಿಲ್ಡ್’ ಎಂದು ಹೆಸರು. ಮಳೆಪುಸ್ತಕವನ್ನು ನಾವು ಇದಕ್ಕೆ ಸಾಗಿಸಬೇಕಾಗಿದೆ.

ಹಿನ್ನೆಲೆಯನ್ನು ಕಳೆಯುವುದು

ಹಳೆಯ ಫೋಲ್ಡರುಗಳನ್ನು ಅಳಿಸಿ ಹೊಸವನ್ನು ಹುಟ್ಟಿಸುವುದು ಕೆಲವು ನಿಮಿಷಗಳ ಕೆಲಸ. ಹಾಗೆ ಮಾಡಿದರೆ ಆರು ವರ್ಷಗಳ ತಿದ್ದುಪಡಿಗಳೆಲ್ಲ ಒಮ್ಮೆಗೇ ಮಾಯವಾಗುತ್ತವೆ. ಆದುದರಿಂದ ಮೊದಲು ಮಾಡಬೇಕಾದುದು, ಏನೇನು ತಿದ್ದಿದ್ದೇವೆ ಎಂಬುದನ್ನು ಕಂಡುಹಿಡಿಯುವುದು.

ವಿಕಿರಣವನ್ನು ಅಳೆಯುವವರು ಗೈಗರ್ ಎಣಿಕೆಯ ಯಂತ್ರದ ಮುಂದೆ ವಸ್ತುವನ್ನು ಇಡುವ ಮೊದಲು, ಏನೂ ಇಡದೆಯೇ ಒಮ್ಮೆ ಎಣಿಸುತ್ತಾರೆ. ಅದು ಹಿನ್ನೆಲೆಯ ಎಣಿಕೆ. ಅನಂತರ ಸಿಕ್ಕ ಒಟ್ಟು ಎಣಿಕೆಯಿಂದ ಇದನ್ನು ಕಳೆದರೆ ಉಳಿಯುವುದು ವಸ್ತುವಿನದು. ಇಲ್ಲಿಯೂ ಹಾಗೆಯೇ ಮಾಡಬೇಕು. ಮಳೆಪುಸ್ತಕ ಈಗ ಬಳಸುತ್ತಿರುವ ರಿಯಾಕ್ಟ್ ನೇಟಿವ್ ಆವೃತ್ತಿಯದೇ ಶುದ್ಧ ಅಚ್ಚೊಂದನ್ನು ಬೇರೆಡೆ ತೆಗೆದುಕೊಂಡು, ನಮ್ಮ ಫೋಲ್ಡರುಗಳನ್ನು ಅದರೊಡನೆ ಹೋಲಿಸಬೇಕು. ಎರಡಕ್ಕೂ ಸಮಾನವಾದುದೆಲ್ಲ ಹಿನ್ನೆಲೆ. ಉಳಿದ ವ್ಯತ್ಯಾಸಗಳೇ ನಮ್ಮ ತಿದ್ದುಪಡಿಗಳು. ಹೋಲಿಕೆಗೆ ಅದೇ ಆವೃತ್ತಿಯ ಅಚ್ಚೇ ಏಕೆ ಬೇಕೆಂದರೆ, ಇತ್ತೀಚಿನ ಅಚ್ಚಿನೊಡನೆ ಹೋಲಿಸಿದಲ್ಲಿ ಅಚ್ಚಿನ ಸ್ವಂತ ಬದಲಾವಣೆಗಳೂ ಲೆಕ್ಕದೊಳಗೆ ನುಸುಳಿ ಫಲಿತಾಂಶವನ್ನು ಕೆಡಿಸುತ್ತವೆ.

ಸಿಕ್ಕ ವ್ಯತ್ಯಾಸಗಳನ್ನು ನಾಲ್ಕು ರಾಶಿಗಳಾಗಿ ಮಾಡಬಹುದು. ವಿವರಣಪತ್ರದಲ್ಲಿಯೇ ಹೇಳಬಹುದಾದವು ಮೊದಲನೆಯ ರಾಶಿ: ಆ್ಯಪಿನ ಹೆಸರು, ಆವೃತ್ತಿ, ಚಿತ್ರ, ಅನುಮತಿ ಮುಂತಾದವು. ನಾವು ಬಳಸುವ ಸಿದ್ಧ ಭಾಗಗಳು ತಮ್ಮೊಡನೆಯೇ ಪ್ಲಗಿನ್ ತಂದಿದ್ದರೆ ಅವುಗಳಿಗೆ ಸಂಬಂಧಿಸಿದವು ಎರಡನೆಯ ರಾಶಿ; ಆ ಪ್ಲಗಿನ್ನಿನ ಹೆಸರು ಬರೆದರೆ ಸಾಕು. ಮೂರನೆಯ ರಾಶಿ ನಾವೇ ಪ್ಲಗಿನ್ ಬರೆಯಬೇಕಾದವುಗಳದು. ಮಳೆಮಾಪಕಕ್ಕಾಗಿ ಕೊಟ್ಟ ವಿನಾಯಿತಿ ಇಲ್ಲಿಗೆ ಬರುತ್ತದೆ. ಹಿಂದೆ ಕಾರಣವಿಲ್ಲದೆ ನಿಂತಿದ್ದ ಒಂದು ಸಾಲು ಈಗ ಹೆಸರುಳ್ಳ ಒಂದು ಪ್ಲಗಿನ್ ಆಗುತ್ತದೆ. ಅದರ ಮೇಲ್ಗಡೆ ‘ಅಂಗಳದ ಮಾಪಕ ಸಾದಾ ಸಂಪರ್ಕವನ್ನೇ ಬಳಸುವುದರಿಂದ ಇದು ಬೇಕು’ ಎಂದು ಬರೆಯಲು ಸ್ಥಳವೂ ಇರುತ್ತದೆ. ಮಾಪಕವನ್ನು ಬದಲಾಯಿಸಿದ ದಿನ ಅದನ್ನು ನಿಶ್ಚಿಂತೆಯಿಂದ ತೆಗೆದುಹಾಕಬಹುದು.

ನಾಲ್ಕನೆಯದು ಯಾರಿಗೂ ಕಾರಣ ತಿಳಿಯದವುಗಳ ರಾಶಿ. ಈ ಕೆಲಸದ ಹೆಚ್ಚಿನ ಶ್ರಮ ಇದರಲ್ಲಿಯೇ ವ್ಯಯವಾಗುತ್ತದೆ. ಇರಲಿ ಎಂದು ಎಲ್ಲವನ್ನೂ ಹೊತ್ತು ತಂದರೆ ಹೊಸ ಮನೆಯಲ್ಲಿ ಹಳೆಯ ಕಸ ತುಂಬುತ್ತದೆ. ಬೇಡವೆಂದು ಎಲ್ಲವನ್ನೂ ಎಸೆದರೆ ಮಾಪಕದ ಸಾಲಿನಂತಹುದು ಹೋಗಿಬಿಡುತ್ತದೆ. ತಿದ್ದುಪಡಿಗಳ ಇತಿಹಾಸವನ್ನು ಇಡುವ ಗಿಟ್ ಎಂಬ ಸಾಧನದಲ್ಲಿ ಆ ಸಾಲು ಯಾವ ದಿನ, ಬೇರೆ ಯಾವ ಬದಲಾವಣೆಯೊಡನೆ ಬಂದಿತೆಂದು ನೋಡಬೇಕು. ಅದನ್ನು ತೆಗೆದು ಕಟ್ಟಿ ಪರೀಕ್ಷಿಸಬೇಕು. ಹಿಂದಿನ ಪೋಷಕರು ಸಿಕ್ಕುವಂತಿದ್ದರೆ ವಿಚಾರಿಸಬೇಕು. ಒಂದು ದೂರವಾಣಿ ಕರೆಯಿಂದ ಒಂದು ವಾರದ ಶ್ರಮ ಉಳಿದೀತು.

ಪ್ಲಗಿನ್ ಬರೆಯುವಾಗ ಒಂದು ಗುಣವನ್ನು ಮುಖ್ಯವಾಗಿ ಗಮನಿಸಬೇಕು. ಅದನ್ನು ಎರಡು ಸಲ ನಡೆಸಿದರೂ ಒಂದು ಸಲ ನಡೆಸಿದ ಫಲವೇ ಸಿಕ್ಕಬೇಕು. ‘ಈ ಸಾಲನ್ನು ಸೇರಿಸು’ ಎಂದು ಬರೆದ ಪ್ಲಗಿನ್ ಎರಡನೆಯ ಸಲ ಅದೇ ಸಾಲನ್ನು ಮತ್ತೊಮ್ಮೆ ಸೇರಿಸೀತು. ‘ಈ ಸಾಲು ಇರುವಂತೆ ಮಾಡು’ ಎಂದು ಬರೆದುದು ಹಾಗೆ ಮಾಡದು.

ಗುರುತು ಮತ್ತು ಕೀಲಿ

ಈ ಸಾಗಾಣಿಕೆಯಲ್ಲಿ ಕೆಲವು ತಪ್ಪುಗಳನ್ನು ಮರುದಿನ ತಿದ್ದಬಹುದು. ತಿದ್ದಲಾಗದ ತಪ್ಪುಗಳೂ ಇವೆ. ಅವೆಲ್ಲ ಆ್ಯಪಿನ ಗುರುತಿಗೆ ಸಂಬಂಧಿಸಿದವು.

ಫೋನಿನ ಮಟ್ಟಿಗೆ ಆ್ಯಪೆಂದರೆ ಪರದೆಯ ಮೇಲೆ ಕಾಣುವ ಹೆಸರಲ್ಲ. ಒಳಗೆ ಒಂದು ಗುರುತುಹೆಸರು ಇರುತ್ತದೆ. ಜೊತೆಗೆ ಪೊಟ್ಟಣದ ಮೇಲೆ ರಹಸ್ಯ ಕೀಲಿಯಿಂದ ಒತ್ತಿದ ಮುದ್ರೆ ಇರುತ್ತದೆ. ಹೊಸ ಆವೃತ್ತಿಯ ಗುರುತುಹೆಸರು ಬೇರೆಯಾದರೆ ಫೋನು ಅದನ್ನು ಬೇರೊಂದು ಆ್ಯಪೆಂದೇ ತಿಳಿದು ಪಕ್ಕದಲ್ಲಿ ಇರಿಸುತ್ತದೆ. ಹೊಸದರಲ್ಲಿ ಮಳೆಲೆಕ್ಕ ಖಾಲಿ. ಗುರುತುಹೆಸರು ಸರಿಯಿದ್ದು ಮುದ್ರೆ ಬೇರೆಯಾದರೆ ಹಳೆಯದರ ಮೇಲೆ ಹೊಸದು ಕೂರುವುದಕ್ಕೆ ಆಂಡ್ರಾಯ್ಡ್ ಒಪ್ಪುವುದಿಲ್ಲ. ಆಗ ಬೆಳೆಗಾರನು ಬೇಸತ್ತು ಹಳೆಯ ಆ್ಯಪನ್ನು ತೆಗೆದುಹಾಕುತ್ತಾನೆ. ಅದರೊಡನೆ ಅದು ಫೋನಿನೊಳಗೆ ಇಟ್ಟುಕೊಂಡಿದ್ದ ದಾಖಲೆಯೂ ಹೋಗುತ್ತದೆ. ಬೇರೆಡೆ ನಕಲಿಲ್ಲದಿದ್ದರೆ ಆರು ವರ್ಷಗಳ ಹೂಮಳೆಯ ಲೆಕ್ಕ ಅಲ್ಲಿಗೆ ಮುಗಿಯಿತು.

ಹೊಸ ಪದ್ಧತಿಯಲ್ಲಿ ಈ ಅಪಾಯ ಎರಡು ದಾರಿಗಳಿಂದ ಬರುತ್ತದೆ. ಹಲವರು ಕೀಲಿಯ ಕಡತವನ್ನು ಆಂಡ್ರಾಯ್ಡ್ ಫೋಲ್ಡರಿನ ಒಳಗೇ ಇಟ್ಟಿರುತ್ತಾರೆ. ರಹಸ್ಯವಾದುದರಿಂದ ಅದನ್ನು ಗಿಟ್‌ಗೆ ಸೇರಿಸಿರುವುದಿಲ್ಲ. ಪ್ರೀಬಿಲ್ಡನ್ನು ‘ಶುದ್ಧವಾಗಿ ಹೊಸದು ಮಾಡು’ ಎಂಬ ಆಜ್ಞೆಯೊಡನೆ ನಡೆಸಿದರೆ ಅದು ಮೊದಲು ಹಳೆಯ ಫೋಲ್ಡರನ್ನು ಅಳಿಸುತ್ತದೆ. ಜಗತ್ತಿನಲ್ಲಿ ಒಂದೇ ಪ್ರತಿಯಿದ್ದ ಕೀಲಿಯೂ ಅದರೊಡನೆ ಅಳಿಯುತ್ತದೆ. ಗೂಗಲ್ ಪ್ಲೇ ಮೂಲಕ ಹಂಚುವ ಆ್ಯಪಿನ ಅಂತಿಮ ಕೀಲಿಯನ್ನು ಗೂಗಲೇ ಇಟ್ಟುಕೊಂಡಿದ್ದರೆ, ಸಲ್ಲಿಕೆಯ ಕೀಲಿಯನ್ನು ಬೇಡಿ ಬದಲಾಯಿಸಿಕೊಳ್ಳಬಹುದು. ಕೈಯಿಂದ ಕೈಗೆ, ಫೋನಿನಿಂದ ಫೋನಿಗೆ ಹಂಚಿದ ಆ್ಯಪಿಗೆ ಈ ಪರಿಹಾರವಿಲ್ಲ. ಎರಡನೆಯ ದಾರಿ ಇನ್ನೂ ಸೂಕ್ಷ್ಮವಾದುದು. ಹೊಸದಾಗಿ ಹುಟ್ಟಿದ ಆಂಡ್ರಾಯ್ಡ್ ಫೋಲ್ಡರು, ಬೇರೆ ಸೂಚನೆ ಇಲ್ಲದಿದ್ದಲ್ಲಿ, ಬಿಡುಗಡೆಯ ಪೊಟ್ಟಣಕ್ಕೂ ಪ್ರಯೋಗದ ಕೀಲಿಯಿಂದಲೇ ಮುದ್ರೆಯೊತ್ತುತ್ತದೆ. ಕಟ್ಟುವಾಗ ಯಾವ ದೋಷವೂ ಕಾಣುವುದಿಲ್ಲ. ತೋಟಗಳ ಫೋನುಗಳಲ್ಲಿ ಮಾತ್ರ ಅದು ಕೂರುವುದಿಲ್ಲ.

ಆದುದರಿಂದ ಮೊದಲ ಆಜ್ಞೆಯನ್ನು ಕೊಡುವ ಮುನ್ನವೇ ಕೀಲಿಯನ್ನೂ ಅದರ ಗುಪ್ತಪದವನ್ನೂ ಯೋಜನೆಯ ಹೊರಗೆ ಎರಡು ಭದ್ರವಾದ ಸ್ಥಳಗಳಲ್ಲಿ ಇಡಬೇಕು. ಗುರುತುಹೆಸರನ್ನು ಅಕ್ಷರಕ್ಕೆ ಅಕ್ಷರ ಹಳೆಯದರಂತೆಯೇ ವಿವರಣಪತ್ರದಲ್ಲಿ ಬರೆಯಬೇಕು. ಆವೃತ್ತಿಯ ಒಳಸಂಖ್ಯೆ ಹಿಂದಿನದಕ್ಕಿಂತ ಹೆಚ್ಚಿರಬೇಕು. ಅಚ್ಚಿನಿಂದ ಬಂದಂತೆ 1 ಎಂದೇ ಉಳಿದರೆ ಸಲ್ಲಿಕೆ ತಿರಸ್ಕೃತವಾಗುತ್ತದೆ. ದಾಖಲೆಗಳನ್ನು ಇಡುವ ಸಿದ್ಧ ಭಾಗವನ್ನು ಇದೇ ಸಮಯದಲ್ಲಿ ಬದಲಾಯಿಸಲು ಹೋಗಬಾರದು. ಬೇರೆ ಭಾಗ ಬೇರೆ ಸ್ಥಳದಲ್ಲಿ ಹುಡುಕಿ, ದಾಖಲೆಯೇ ಇಲ್ಲವೆಂದು ಹೇಳಬಹುದು. ಒಂದು ಪ್ರಯೋಗದಲ್ಲಿ ಒಂದೇ ಅಂಶವನ್ನು ಬದಲಾಯಿಸಬೇಕೆಂಬ ಭೌತವಿಜ್ಞಾನದ ನಿಯಮ ಇಲ್ಲಿಯೂ ಸಲ್ಲುತ್ತದೆ.

ಪರೀಕ್ಷೆಯ ಕ್ರಮ

ಹೊಸ ಕಡತಗಳಿಂದ ಕಟ್ಟಿದ ಪೊಟ್ಟಣ ಹಳೆಯದಕ್ಕೆ ಸಮನೇ ಎಂದು ತಿಳಿಯಬೇಕಾದರೆ ಕಡತಗಳನ್ನಲ್ಲ, ಪೊಟ್ಟಣಗಳನ್ನೇ ಹೋಲಿಸಬೇಕು. ಮ್ಯಾನಿಫೆಸ್ಟ್ ಅಂತಿಮ ರೂಪ ಪಡೆಯುವುದು ಕಟ್ಟುವಾಗ. ಸಿದ್ಧ ಭಾಗಗಳು ತಮ್ಮ ಅನುಮತಿಗಳನ್ನು ಅಲ್ಲಿ ಸೇರಿಸಿರುತ್ತವೆ. ಎರಡು ಪೊಟ್ಟಣಗಳ ಅನುಮತಿಪಟ್ಟಿ, ಗುರುತುಹೆಸರು, ಮುದ್ರೆಯ ಬೆರಳಚ್ಚು ಇವುಗಳನ್ನು ಎದುರುಬದುರಾಗಿ ಇಟ್ಟು ನೋಡಬೇಕು. ಬೆರಳಚ್ಚು ಎಂದರೆ ಮುದ್ರೆಯ ಪ್ರಮಾಣಪತ್ರದಿಂದ ಗಣಿಸಿದ, 64 ಚಿಹ್ನೆಗಳಲ್ಲಿ ಬರೆಯುವ ಸಂಖ್ಯೆ. ಒಂದು ಚಿಹ್ನೆ ಬೇರೆಯಾದರೂ ಕೀಲಿ ಬೇರೆ ಎಂದು ತಿಳಿಯಬೇಕು.

ಐಫೋನಿನಲ್ಲಿ ಇನ್ನೊಂದು ಎಚ್ಚರ ಬೇಕು. ಎಲೆಚುಕ್ಕೆಯ ಚಿತ್ರ ತೆಗೆಯಲು ಕ್ಯಾಮರಾ ಬೇಕಾದರೆ, ಏಕೆ ಬೇಕೆಂಬ ವಾಕ್ಯವನ್ನು ವಿವರಣೆಯಲ್ಲಿ ಬರೆದಿರಲೇಬೇಕು. ಅದು ಬಿಟ್ಟುಹೋಗಿದ್ದಲ್ಲಿ ಕ್ಯಾಮರಾ ಮುಟ್ಟಿದ ಕ್ಷಣದಲ್ಲಿ ಐಫೋನು ಆ್ಯಪನ್ನೇ ಮುಚ್ಚಿಬಿಡುತ್ತದೆ. ಆ ಗುಂಡಿಯನ್ನು ಒತ್ತದೆ ಮಾಡಿದ ಪರೀಕ್ಷೆಯಲ್ಲಿ ಇದು ತಿಳಿಯುವಂತಿಲ್ಲ.

ನಿರ್ಣಾಯಕವಾದ ಪರೀಕ್ಷೆ ಹೀಗಿದೆ. ಹಳೆಯ ಆವೃತ್ತಿಯಲ್ಲಿ ಹಲವು ತಿಂಗಳ ಮಳೆಯನ್ನು ದಾಖಲಿಸಿದ ಫೋನಿನ ಮೇಲೆ, ಹಳೆಯದನ್ನು ತೆಗೆಯದೆ ಹೊಸದನ್ನು ಹಾಕಬೇಕು. ಅಂತರ್ಜಾಲವನ್ನು ಆರಿಸಿ ತೆರೆಯಬೇಕು. ಲೆಕ್ಕವೆಲ್ಲ ಇದೆಯೇ, ಮಾಪಕದ ಅಂಕಿ ಬರುತ್ತದೆಯೇ, ಪರದೆಯ ಮೇಲಿನ ಹೆಸರು ಕನ್ನಡದಲ್ಲಿಯೇ ಇದೆಯೇ ಎಂದು ನೋಡಬೇಕು. ಆಮೇಲೆ ಬೇರೊಂದು ಗಣಕದಲ್ಲಿ, ಬೇರೊಬ್ಬರ ಕೈಯಿಂದ, ಎರಡು ಫೋಲ್ಡರುಗಳೂ ಇಲ್ಲದ ಸ್ಥಿತಿಯಿಂದ ಆರಂಭಿಸಿ ಮತ್ತೆ ಹುಟ್ಟಿಸಿ ಕಟ್ಟಿಸಬೇಕು. ಅಲ್ಲಿಯೂ ಅದೇ ಫಲ ಬಂದರೆ, ಬೇಕಾದುದೆಲ್ಲ ಬರಹಕ್ಕೆ ಇಳಿದಿದೆ ಎಂದು ನಂಬಬಹುದು. ಇನ್ನು ಮುಂದೆ ಹುಟ್ಟಿಸಿದ ಫೋಲ್ಡರುಗಳನ್ನು ಗಿಟ್ ಗಮನಿಸದಂತೆ ಹೇಳಿ, ಅವುಗಳೊಳಗೆ ಕೈಯಿಂದ ಒಂದು ಸಾಲನ್ನೂ ತಿದ್ದುವುದಿಲ್ಲವೆಂಬ ನಿಯಮವನ್ನು ಎಲ್ಲರೂ ಪಾಲಿಸಬೇಕು. ‘ಇದೊಂದು ಸಲ’ ಎಂದು ತಿದ್ದಿದುದು ಮುಂದಿನ ಸಲ ಹುಟ್ಟಿಸುವಾಗ ಸದ್ದಿಲ್ಲದೆ ಅಳಿದುಹೋಗುತ್ತದೆ.

ಮಿತಿಗಳು

ಈ ಪದ್ಧತಿ ಎಲ್ಲರಿಗೂ ತಕ್ಕುದಲ್ಲ. ಆಂಡ್ರಾಯ್ಡಿಗಾಗಿ, ಐಫೋನಿಗಾಗಿ ಪ್ರತ್ಯೇಕವಾಗಿ ಬರೆದ ದೊಡ್ಡ ಕ್ರಮವಿಧಿಯೊಳಗೆ ಒಂದೆರಡು ಪರದೆಗಳಿಗೆ ಮಾತ್ರ ರಿಯಾಕ್ಟ್ ನೇಟಿವ್ ಬಳಸಿದವರಿಗೆ ಆ ಫೋಲ್ಡರುಗಳೇ ಮೂಲಬರಹ. ಅವನ್ನು ಹುಟ್ಟಿಸುವ ಮಾತೇ ಇಲ್ಲ. ತಿದ್ದುಪಡಿಗಳು ನೂರಾರು ಇದ್ದರೆ ಪ್ಲಗಿನ್ನುಗಳ ಪೋಷಣೆಯೇ ಹೊಸ ಹೊರೆಯಾದೀತು. ಮೇಲಾಗಿ ಕೆಲವು ಪ್ಲಗಿನ್ನುಗಳು ಅಚ್ಚಿನ ಕಡತದಲ್ಲಿ ಇಂತಹ ವಾಕ್ಯವನ್ನು ಹುಡುಕಿ ಅದರ ಮುಂದೆ ಇನ್ನೊಂದನ್ನು ಸೇರಿಸುವ ಬಗೆಯವು. ಅಚ್ಚು ಜಾವಾದಿಂದ ಕೋಟ್ಲಿನ್‌ಗೆ ಸಾಗಿದಾಗ ಹುಡುಕುವ ವಾಕ್ಯವೇ ಅಲ್ಲಿರದೆ, ಇಂತಹ ಪ್ಲಗಿನ್ನುಗಳು ಮುರಿದವು. ಜನಕ ಕ್ರಮವಿಧಿಯ ಆವೃತ್ತಿಯನ್ನೂ ವಿವರಣಪತ್ರದ ಜೊತೆಯಲ್ಲಿ ಬರೆದಿಡದಿದ್ದರೆ, ಇಂದು ಹುಟ್ಟಿದ ಕಡತ ನಾಳೆಯೂ ಹಾಗೆಯೇ ಹುಟ್ಟುತ್ತದೆಂದು ಹೇಳಲಾಗದು. ಜನಕವನ್ನು ಪೋಷಿಸುವವರು ಕೈಬಿಟ್ಟರೆ ಇನ್ನೊಂದು ಸಾಗಾಣಿಕೆ ಕಾದಿರುತ್ತದೆ. ಆ ದಿನವೂ, ಏನು ಬೇಕು, ಏಕೆ ಬೇಕು ಎಂಬುದು ಸ್ಪಷ್ಟವಾಗಿ ಬರೆದಿದ್ದರೆ ಕೆಲಸ ಅರ್ಧ ಮುಗಿದಂತೆಯೇ.

ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು (1938–2007) ಸಾಹಿತ್ಯದೊಂದಿಗೆ ಕನ್ನಡ ತಂತ್ರಾಂಶದ ವಿಚಾರದಲ್ಲಿಯೂ ಆಸ್ಥೆಯಿಂದ ದುಡಿದವರು. ಕನ್ನಡ ಬಲ್ಲವರಿಗೆ ಕನ್ನಡದಲ್ಲಿಯೇ ಗಣಕ ದೊರಕಬೇಕೆಂಬ ಹಂಬಲ ಅಂದಿನದು. ಇಂದು ಸಣ್ಣ ಊರುಗಳಲ್ಲಿಯೂ ಕನ್ನಡದ ಆ್ಯಪುಗಳನ್ನು ಬರೆಯಬಲ್ಲವರಿದ್ದಾರೆ. ಬರೆದುದನ್ನು ಹತ್ತು ವರ್ಷ ಉಳಿಸುವುದು ಈಗಿನ ಕಷ್ಟ. ಊರಿನ ಆ್ಯಪಿಗೆ ದೊಡ್ಡ ಸಂಸ್ಥೆಯ ಸಿಬ್ಬಂದಿಯಿರುವುದಿಲ್ಲ. ಒಬ್ಬರು ಹೋದರೆ ಇನ್ನೊಬ್ಬರು ಬರುವವರೆಗೆ ಅದು ಅನಾಥ. ಬರುವವರು ಯಾರೆಂದು ತಿಳಿಯದಿರುವಾಗ, ಅವರಿಗಾಗಿ ಮಾಡಬಹುದಾದ ಉಪಕಾರ ಒಂದುಂಟು. ಯಂತ್ರವು ಮಾಡಬಲ್ಲುದನ್ನು ಯಂತ್ರಕ್ಕೆ ಬಿಟ್ಟು, ನಮ್ಮ ನಿರ್ಧಾರಗಳನ್ನೂ ಅವುಗಳ ಕಾರಣಗಳನ್ನೂ ಬೇರೆಯಾಗಿ, ಓದಿದರೆ ತಿಳಿಯುವಂತೆ ಬರೆದಿಡುವುದು. ತೋಟದ ಮಳೆಪುಸ್ತಕ ನಮ್ಮ ಹಿರಿಯರ ಕಾಲದಿಂದ ಉಳಿದುಬಂದುದು ಈ ಕಾರಣದಿಂದಲೇ. ತೋಟದ ರೈಟರು ಬದಲಾಗುತ್ತಿದ್ದರು; ಪುಸ್ತಕವನ್ನು ತೆರೆದ ಹೊಸಬರಿಗೆ ಹಿಂದಿನವರ ಬರವಣಿಗೆ ಅರ್ಥವಾಗುತ್ತಿತ್ತು.